ಬಾಲಕರ ಪ್ರೌಢಶಾಲೆಯ ಹುಡುಗರಿಗೆ: ಶಾಲೆಯಲ್ಲಿ ಬೆರೆತು, ಚೆನ್ನಾಗಿ ಓದುವುದು ಹೇಗೆ?

ಇದು ಎಂಟು, ಒಂಬತ್ತು, ಹತ್ತನೇ ತರಗತಿಯ ಹುಡುಗರಿಗಾಗಿ ಬರೆದದ್ದು. ಅದರಲ್ಲೂ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ಹಳ್ಳಿಯಿಂದ ಬಸ್ಸು ಹತ್ತಿ ಬಾಲಕರ ಶಾಲೆಗೆ ಬರುವವರಿಗೆ. ನಾನು ಇದೇ ಜಿಲ್ಲೆಯಲ್ಲಿ ಹುಡುಗರಿಗೆ ಪಾಠ ಮಾಡುವವನು. ಅಪ್ಪ ಅಮ್ಮಂದಿರು ಓದಿದರೂ ಒಳ್ಳೆಯದೇ, ಅವರಿಗೆ ಹೇಳಬೇಕಾದ ಮಾತೂ ನಡುವೆ ಬರುತ್ತದೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಆಟ, ನಾಟಕ, ಸ್ಕೌಟ್ಸ್ ಅಂತ ಓಡಾಡಿದರೆ ಓದು ಹಾಳಾಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಯಾವುದಾದರೂ ಒಂದು ಕೆಲಸ ವಹಿಸಿಕೊಂಡ ಹುಡುಗ ದಿನಾ ಬರುತ್ತಾನೆ, ಮೇಷ್ಟ್ರ ಹತ್ತಿರ ಮಾತಾಡುತ್ತಾನೆ, ಗೊತ್ತಾಗದ್ದನ್ನು ಕೇಳುತ್ತಾನೆ. ಓದು ತಲೆಗೆ ಹತ್ತುವುದು ಅಲ್ಲಿಂದ. ಸುಮ್ನೆ ಬೆಂಚು ತುಂಬಿಸಿ ಹೋಗುವವನಿಗೆ ಎಷ್ಟು ಟ್ಯೂಷನ್ ಹಾಕಿದರೂ ಕಷ್ಟವೇ. ಅದಕ್ಕೇ ಕೆಳಗೆ ಎರಡನ್ನೂ ಬೆರೆಸಿಯೇ ಹೇಳಿದ್ದೇನೆ.

ಹೆಜ್ಜೆ 1: ದಿನಾ ಬರುವ ದಾರಿ ಸರಿ ಮಾಡಿಕೊಳ್ಳಿ

ಜೂನ್ ತಿಂಗಳ ಮೊದಲ ಕೆಲಸ ಬಸ್ ಪಾಸು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕ ತಂಗಿಯರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಹುಡುಗರು ಪಾಸು ಮಾಡಿಸಲೇಬೇಕು. ಅರ್ಜಿಯನ್ನು ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಹಾಕಬೇಕು. ಆಧಾರ್, ಫೋಟೊ, ಶಾಲೆಯ ದಾಖಲೆ ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಪಾಸಿಲ್ಲ, ಚಿಲ್ಲರೆ ಇಲ್ಲ ಅಂತ ಮನೆಯಲ್ಲಿ ಉಳಿದುಬಿಡುವ ಹುಡುಗರು ಪ್ರತಿ ವರ್ಷವೂ ಇರುತ್ತಾರೆ, ಅದೂ ವರ್ಷದ ಶುರುವಿನಲ್ಲೇ, ಗಣಿತದ ಮೊದಲ ಪಾಠಗಳು ನಡೆಯುವ ಹೊತ್ತಿನಲ್ಲೇ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಬೇಕಾದರೆ ಶೇ. 75 ಹಾಜರಿ ಬೇಕು. ಆದರೆ ನಿಮ್ಮ ಗುರಿ 75 ಆಗಬಾರದು. ನಾಲ್ಕು ದಿನಕ್ಕೊಮ್ಮೆ ತಪ್ಪಿಸಿಕೊಂಡರೆ ಯಾವ ಪಾಠದ ತಲೆಯೂ ಸಿಗುವುದಿಲ್ಲ, ಬಾಲವೂ ಸಿಗುವುದಿಲ್ಲ.

ಇನ್ನು ಬೈಕು. ಬಸ್ಸು ತಪ್ಪಿತು ಅಂತ ಅಪ್ಪನ ಬೈಕು ಹತ್ತಿ ಮೂರು ಜನ ಬರುವುದನ್ನು ದಯವಿಟ್ಟು ಬಿಡಿ. ಲೈಸೆನ್ಸ್ ಇಲ್ಲದ ಹುಡುಗ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ ಕಾನೂನಿದೆ. ದಂಡ ಹೇಗೋ ಕಟ್ಟಬಹುದು, ಹೆದ್ದಾರಿಯಲ್ಲಿ ಲಾರಿಗಳ ನಡುವೆ ಏನಾದರೂ ಆದರೆ ಯಾರೇನು ಮಾಡಲು ಸಾಧ್ಯ? ಅಪ್ಪಂದಿರೇ, ಕೀಲಿ ಕೈಗೆ ಸಿಗದ ಹಾಗೆ ಇಡಿ.

ಹೆಜ್ಜೆ 2: ಅಂಕದ ಲೆಕ್ಕ ತಿಳಿದುಕೊಳ್ಳಿ

ಹತ್ತನೇ ತರಗತಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ ಪ್ರಥಮ ಭಾಷೆಯ 25, ಬೇರೆ ವಿಷಯಗಳ 20 ಆಂತರಿಕ ಅಂಕ. ಕೂಡಿಸಿ ನೋಡಿ: 125 ಅಂಕ ನಿಮ್ಮ ಶಾಲೆಯೊಳಗೇ ಇದೆ. ಅದು ಮಾರ್ಚ್ ತಿಂಗಳಲ್ಲಿ ಮೂರು ಗಂಟೆ ಬರೆದರೆ ಬರುವುದಲ್ಲ. ವರ್ಷದ ನಾಲ್ಕು ಎಫ್‌ಎಗಳಲ್ಲಿ, ಅಂದರೆ ಶಾಲೆಯಲ್ಲೇ ಆಗಾಗ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಮಾಡಿದ ಚಟುವಟಿಕೆ, ಪ್ರಾಜೆಕ್ಟು, ಕಿರುಪರೀಕ್ಷೆಗಳಿಂದ ಸೇರುವುದು.

ಹುಡುಗರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಿಂದಿನ ರಾತ್ರಿ ಅಂಗಡಿಯಲ್ಲಿ ಚಾರ್ಟ್ ತಂದು, ಅಕ್ಕನ ಕೈಲಿ ಬರೆಸಿ ತರುತ್ತಾರೆ. ಅಂಕ ಸಿಗಬಹುದು, ಆದರೆ ಪಾಠ ಅಕ್ಕನಿಗೆ ಬಂತು, ನಿಮಗೆ ಬರಲಿಲ್ಲ. ಚಟುವಟಿಕೆ ಕೊಟ್ಟ ದಿನವೇ ಶುರು ಮಾಡಿ, ವಕ್ರವಕ್ರವಾಗಿದ್ದರೂ ನಿಮ್ಮ ಕೈಯಿಂದಲೇ ಮಾಡಿ.

ಉದಾಹರಣೆಗೆ ಸ್ವಾತಂತ್ರ್ಯ ಹೋರಾಟದ ಬಗ್ಗೆ ಪ್ರಾಜೆಕ್ಟು ಕೊಟ್ಟರು ಅಂತಿಟ್ಟುಕೊಳ್ಳಿ. ನಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಅದನ್ನು ಕರೆಯುವುದು ಇದಕ್ಕೇ. ಒಂದು ಭಾನುವಾರ ಇಬ್ಬರು ಮೂವರು ಗೆಳೆಯರು ಸೇರಿ ಹೋಗಿ ಬನ್ನಿ, ಅಲ್ಲಿರುವ ಫಲಕಗಳನ್ನು ನಿಂತು ಓದಿ, ಬರೆದುಕೊಳ್ಳಿ. ಆಮೇಲೆ ಧ್ವಜ ಸತ್ಯಾಗ್ರಹದ ಬಗ್ಗೆ ಯಾರು ಏನು ಕೇಳಿದರೂ ಬಾಯಿಪಾಠದ ಅಗತ್ಯ ಬೀಳುವುದಿಲ್ಲ.

ಹೆಜ್ಜೆ 3: ತರಗತಿಯಲ್ಲಿ ಕೈ ಎತ್ತುವುದನ್ನು ಕಲಿಯಿರಿ

ಹುಡುಗರೇ ತುಂಬಿರುವ ತರಗತಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ಧೈರ್ಯ ಬೇಕು. ಕೇಳಿದರೆ ಹಿಂದಿನಿಂದ ಯಾರೋ "ಓಹೋ" ಅನ್ನುತ್ತಾರೆ. ಚೆನ್ನಾಗಿ ಓದುವವನಿಗೆ ಕುಡುಮಿ ಅಂತ ಹೆಸರಿಡುತ್ತಾರೆ. ಎರಡು ವಾರ ತಡೆದುಕೊಳ್ಳಿ, ಅಷ್ಟೇ. ದಿನಕ್ಕೆ ಒಂದು ಪ್ರಶ್ನೆ, ಯಾವುದಾದರೂ ಒಂದು ಪೀರಿಯಡ್‌ನಲ್ಲಿ. ಎದ್ದು ನಿಂತು ಕೇಳಲು ಆಗದಿದ್ದರೆ ಪೀರಿಯಡ್ ಮುಗಿದ ಮೇಲೆ ಮೇಷ್ಟ್ರ ಹಿಂದೆಯೇ ಸ್ಟಾಫ್ ರೂಮಿನ ತನಕ ಹೋಗಿ ಕೇಳಿ. ಯಾವ ಮೇಷ್ಟ್ರಿಗೂ ಅದರಿಂದ ಬೇಜಾರಾಗುವುದಿಲ್ಲ, ಖುಷಿಯೇ ಆಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಅವರ ಹೆಸರು ಕೇಳಿರುತ್ತೀರಿ. ಬಡ ಮನೆಯ ಹುಡುಗ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರು ಜೀವನವಿಡೀ ವಿದ್ಯಾರ್ಥಿಗಳಿಗೆ ಹೇಳಿದ್ದು ಪ್ರಶ್ನೆ ಮಾಡಿ ಅಂತಲೇ. ನಮ್ಮ ಜಿಲ್ಲೆಯ ಹುಡುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ಹೆಜ್ಜೆ 4: ಮನೆಯ ಓದು, ದಿನಕ್ಕೆ ಎರಡು ಸಲ

ರಾತ್ರಿ ಹನ್ನೆರಡರ ತನಕ ಕೂರಬೇಕಾಗಿಲ್ಲ. ಸಂಜೆ ಒಂದು ಗಂಟೆ, ಬೆಳಿಗ್ಗೆ ಮುಕ್ಕಾಲು ಗಂಟೆ ಸಾಕು, ಎಂಟು ಒಂಬತ್ತನೇ ತರಗತಿಯವರಿಗೆ. ಹತ್ತನೇ ತರಗತಿಯವರು ಅದಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಆದರೆ ಒಂದು ದಿನವೂ ಬಿಡಬಾರದು, ಭಾನುವಾರವೂ ಸೇರಿ.

ಸಂಜೆ ಮನೆಗೆ ಬಂದು, ಏನಾದರೂ ತಿಂದು, ಒಂದಷ್ಟು ಆಡಿ ಆಮೇಲೆ ಕೂರಿ. ಕೂತ ತಕ್ಷಣ ಪುಸ್ತಕ ತೆರೆಯಬೇಡಿ. ಮೊದಲು ಒಂದು ಖಾಲಿ ಹಾಳೆ ತೆಗೆದುಕೊಂಡು ಇವತ್ತು ಶಾಲೆಯಲ್ಲಿ ಏನೇನು ಪಾಠ ಆಯಿತು ಅಂತ ನೆನಪಿನಿಂದ ಬರೆಯಿರಿ. ವಿಜ್ಞಾನದಲ್ಲಿ ಏನು ಹೇಳಿದರು, ಗಣಿತದಲ್ಲಿ ಯಾವ ಲೆಕ್ಕ ಮಾಡಿದರು, ಎರಡೆರಡು ಸಾಲು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ನೋಡಿ. ಓದಿದ್ದನ್ನೇ ಹತ್ತು ಸಲ ಓದಿದರೆ ಬಂದ ಹಾಗೆ ಅನ್ನಿಸುತ್ತದೆ, ಆದರೆ ಪುಸ್ತಕ ಮುಚ್ಚಿದರೆ ಬರುವುದಿಲ್ಲ. ನೆನಪಿನಿಂದ ಎಳೆದು ತೆಗೆಯುವ ಅಭ್ಯಾಸವೇ ಪರೀಕ್ಷೆಯಲ್ಲಿ ಕೈ ಹಿಡಿಯುವುದು. ಬೆಳಿಗ್ಗೆ ಎದ್ದು ಹಿಂದಿನ ವಾರದ ಹಾಳೆ ತೆಗೆದು ಮತ್ತೆ ಹಾಗೇ ಮಾಡಿ.

ಗಣಿತಕ್ಕೆ ಒಂದು ಬೇರೆ ನೋಟ್‌ಬುಕ್ ಇಡಿ, ತಪ್ಪುಗಳ ನೋಟ್‌ಬುಕ್ ಅಂತ. ಹೇಗೆ ಅಂತ ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಸಮಾಂತರ ಶ್ರೇಢಿ ಪಾಠದಲ್ಲಿ 5, 8, 11, 14 ಅಂತ ಕೊಟ್ಟು 20ನೇ ಪದ ಕೇಳಿದರು. ಸಾಮಾನ್ಯ ವ್ಯತ್ಯಾಸ 3. ಹುಡುಗರು ಅವಸರದಲ್ಲಿ 5ಕ್ಕೆ 20 ಸಲ 3 ಕೂಡಿಸಿ 65 ಅಂತ ಬರೆದುಬಿಡುತ್ತಾರೆ. ಸರಿಯಾದ ಉತ್ತರ 62. ಏಕೆಂದರೆ ಮೊದಲ ಪದದಿಂದ ಇಪ್ಪತ್ತನೆಯದಕ್ಕೆ ಹೋಗಲು 19 ಹೆಜ್ಜೆ ಇಟ್ಟರೆ ಸಾಕು, 19 ಸಲ 3 ಅಂದರೆ 57, ಅದಕ್ಕೆ 5 ಸೇರಿಸಿದರೆ 62. ಈಗ ತಪ್ಪುಗಳ ನೋಟ್‌ಬುಕ್ಕಿನಲ್ಲಿ ಇಡೀ ಲೆಕ್ಕ ಬರೆಯಬೇಡಿ. "20ನೇ ಪದಕ್ಕೆ 19 ಸಲ ಕೂಡಿಸಬೇಕು, 20 ಸಲ ಅಲ್ಲ" ಅಂತ ಒಂದೇ ಸಾಲು, ಕೆಳಗೆ ತಾರೀಖು. ಒಂದು ವಾರ ಆದ ಮೇಲೆ ಅದೇ ತರಹದ ಇನ್ನೊಂದು ಲೆಕ್ಕ ಮಾಡಿ. ಸರಿ ಬಂದರೆ ಆ ಸಾಲಿಗೆ ಟಿಕ್ ಹಾಕಿ. ವರ್ಷದ ಕೊನೆಗೆ ಆ ನೋಟ್‌ಬುಕ್ಕಿನಲ್ಲಿ ಇರುವುದು ನಿಮ್ಮೊಬ್ಬರದೇ ಗೈಡು, ಅಂಗಡಿಯಲ್ಲಿ ಎಲ್ಲೂ ಸಿಗದ್ದು.

ಓದುವಾಗ ಫೋನು ಅಮ್ಮನ ಹತ್ತಿರ ಇರಲಿ. ಪಾಠದ ವಿಡಿಯೊ ನೋಡಬೇಕಾದರೆ ನಡುಮನೆಯಲ್ಲಿ, ಎಲ್ಲರ ಎದುರು ಕೂತು ನೋಡಿ, ನೋಡಿ ಆದ ಮೇಲೆ ವಾಪಸ್ ಕೊಡಿ. ಪಾಠ ನೋಡಲು ತೆಗೆದ ಫೋನು ರೀಲ್ಸ್‌ಗೆ ಹೋಗುವುದಕ್ಕೆ ಎಷ್ಟು ಹೊತ್ತೂ ಬೇಡ ಅಂತ ನಿಮಗೇ ಗೊತ್ತಿದೆ ಅಲ್ವಾ?

ಹೆಜ್ಜೆ 5: ಒಂದೊಂದು ವಿಷಯಕ್ಕೆ ಒಂದೊಂದು ದಾರಿ

ವಿಜ್ಞಾನದಲ್ಲಿ ಚಿತ್ರ ಬಿಡಬೇಡಿ. ಹೃದಯದ ನೀಳಛೇದ ನೋಟ, ಕಣ್ಣು, ಹೂವಿನ ಭಾಗಗಳು, ಇವನ್ನು ಪುಸ್ತಕ ನೋಡಿ ಎರಡು ಸಲ, ಮುಚ್ಚಿಟ್ಟು ಮೂರು ಸಲ ಬರೆಯಿರಿ. ಹೃದಯದ ಚಿತ್ರದಲ್ಲಿ ಎಡ ಹೃತ್ಕರ್ಣ ನಿಮ್ಮ ಬಲಗೈ ಕಡೆ ಬರುತ್ತದೆ, ಯಾಕೆಂದರೆ ಚಿತ್ರ ಬರೆದಿರುವುದು ಎದುರಿಗೆ ನಿಂತ ಮನುಷ್ಯನದು. ತುಂಬಾ ಜನ ಭಾಗಗಳ ಹೆಸರು ತಿರುಗಿಸಿ ಬರೆಯುವುದು ಇಲ್ಲೇ. ಗೆಳೆಯನನ್ನು ಎದುರಿಗೆ ನಿಲ್ಲಿಸಿಕೊಂಡು ಅವನ ಎಡ ಯಾವ ಕಡೆ ಬರುತ್ತದೆ ಅಂತ ಒಂದು ಸಲ ನೋಡಿಬಿಟ್ಟರೆ ಆಯಿತು.

ಕನ್ನಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಕನ್ನಡ ಶಾಲೆಯಲ್ಲೇ ಸಿಗುವುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಅವರು ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದರು. ಆದರೆ ಎರಡು ಭಾಷೆಯವನು ಒಂದು ಕೆಲಸ ಜಾಸ್ತಿ ಮಾಡಬೇಕು: ದಿನಾ ಒಂದು ಪುಟ ಗಟ್ಟಿಯಾಗಿ ಓದಬೇಕು. ಪಾಠವೇ ಆಗಬೇಕಿಲ್ಲ, ಪೇಪರ್ ಆದರೂ ಸರಿ. ಬಾಯಲ್ಲಿ "ಅಳ್ಳಿ", "ಅಸು" ಅಂದರೆ ಬರೆಯುವಾಗಲೂ ಹಾಗೇ ಬರುತ್ತದೆ, ಹಳ್ಳಿ, ಹಸು ಅಂತ ಬಾಯಿ ತಿದ್ದಿದರೆ ಕೈ ತಾನಾಗಿ ತಿದ್ದಿಕೊಳ್ಳುತ್ತದೆ. ವಾರಕ್ಕೆ ಒಂದು ಪತ್ರ, ಒಂದು ಗಾದೆ ವಿಸ್ತರಣೆ ಬರೆದು ಕನ್ನಡ ಮೇಷ್ಟ್ರಿಗೆ ತೋರಿಸಿ.

ಇಂಗ್ಲಿಷ್‌ಗೂ ಗಟ್ಟಿ ಓದೇ ಮದ್ದು. ಸಮಾಜ ವಿಜ್ಞಾನಕ್ಕೆ ಭಾರತದ ಖಾಲಿ ನಕ್ಷೆ ತಂದಿಟ್ಟುಕೊಂಡು ವಾರಕ್ಕೆ ಒಂದು ತುಂಬಿಸಿ, ನದಿ, ಬಂದರು, ಅಣೆಕಟ್ಟು ಅಂತ.

ಹೆಜ್ಜೆ 6: ಹುಳು ಮೇಯುವ ಕಾಲಕ್ಕೆ, ಟೊಮೆಟೊ ಕೊಯ್ಲಿಗೆ ಮೊದಲೇ ಪ್ಲಾನ್ ಮಾಡಿ

ಪಟ್ಟಣದವರು ಬರೆಯುವ ಓದಿನ ಟೈಮ್‌ಟೇಬಲ್‌ಗಳಲ್ಲಿ ಇದು ಇರುವುದೇ ಇಲ್ಲ. ನಮ್ಮಲ್ಲಿ ಹುಡುಗರು ಶಾಲೆ ತಪ್ಪಿಸುವುದು ಸೋಮಾರಿತನಕ್ಕಿಂತ ಜಾಸ್ತಿ ಮನೆಗೆಲಸಕ್ಕೆ. ಶಿಡ್ಲಘಟ್ಟದ ಕಡೆ ರೇಷ್ಮೆ ಮನೆಯ ಹುಡುಗನಿಗೆ ಗೊತ್ತು, ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಸೊಪ್ಪು ಎಷ್ಟು ತಂದರೂ ಸಾಲದು. ಬೆಳೆಯ ಮುಕ್ಕಾಲು ಪಾಲಿಗೂ ಜಾಸ್ತಿ ಸೊಪ್ಪು ಆ ಒಂದು ವಾರದಲ್ಲೇ ಖರ್ಚಾಗುತ್ತದೆ. ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟೆ) ಬಿಡಬೇಕು, ಅದಕ್ಕೆ ಮನೆಮಂದಿಯೆಲ್ಲ ಬೇಕು. ಅಪ್ಪ ಅಮ್ಮ ಕರೆದಾಗ ಹುಡುಗ ಇಲ್ಲ ಅನ್ನಲು ಆಗುವುದಿಲ್ಲ, ಅನ್ನಲೂಬಾರದು.

ಹಾಗಾದರೆ ಏನು ಮಾಡಬೇಕು? ಚಾಕಿ ಹುಳು, ಅಂದರೆ ಮರಿ ಹುಳು ಮನೆಗೆ ತಂದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಹಣ್ಣಾಗುವ ದಿನ ಯಾವುದು ಅಂತ ಮನೆಯವರು ಹೆಚ್ಚುಕಡಿಮೆ ಹೇಳಿಬಿಡುತ್ತಾರೆ. ಆ ವಾರ ಎಫ್‌ಎ ಕಿರುಪರೀಕ್ಷೆ ಇದೆಯಾ ನೋಡಿ. ಇದ್ದರೆ ಕ್ಲಾಸ್ ಟೀಚರ್‌ಗೆ ಮೊದಲೇ ಹೇಳಿ. ಹೋಗಿ ಬಂದ ಮೇಲೆ ಕಾರಣ ಹೇಳುವುದಕ್ಕೂ, ಮುಂಚೆಯೇ ಹೇಳಿ ಕೇಳಿಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಆ ವಾರದಲ್ಲಿ ಹೊಸದು ಓದಬೇಡಿ. ಒಬ್ಬ ಗೆಳೆಯನನ್ನು ಗೊತ್ತುಮಾಡಿಕೊಂಡು ದಿನಾ ಸಂಜೆ ನೋಟ್ಸ್ ಫೋಟೊ ತರಿಸಿಕೊಳ್ಳಿ. ಸೊಪ್ಪು ಕೊಯ್ಯುವಾಗ ಪದ್ಯ ಹೇಳಿಕೊಳ್ಳಬಹುದು, ಸೂತ್ರ ನೆನಪಿಸಿಕೊಳ್ಳಬಹುದು. ಟೊಮೆಟೊ, ಹೂವು, ದ್ರಾಕ್ಷಿ ಮನೆಗಳಿಗೂ ಇದೇ ಮಾತು. ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಹತ್ತನೇ ತರಗತಿಯ ಮಗ ಇರುವ ವರ್ಷ, ಫೆಬ್ರುವರಿ ಮಾರ್ಚ್‌ನಲ್ಲಿ ಹಣ್ಣಾಗುವ ಹಾಗೆ ಮೊಟ್ಟೆ ಕಟ್ಟಿಸುವಾಗ ಅವನ ಪರೀಕ್ಷೆಯ ತಾರೀಖನ್ನೂ ಒಮ್ಮೆ ನೋಡಿ.

ಹೆಜ್ಜೆ 7: ಒಂದು ಮೈದಾನ, ಒಂದು ವೇದಿಕೆ

ಎಲ್ಲದಕ್ಕೂ ಹೆಸರು ಕೊಡಬೇಡಿ. ಆಟದಲ್ಲಿ ಒಂದು, ವೇದಿಕೆಯಲ್ಲಿ ಒಂದು ಹಿಡಿಯಿರಿ, ವರ್ಷಪೂರ್ತಿ ಬಿಡಬೇಡಿ.

ಮೈದಾನ ಅಂದರೆ ಕಬಡ್ಡಿ, ಖೋ-ಖೋ, ವಾಲಿಬಾಲ್, ಓಟ, ಯಾವುದಾದರೂ ಸರಿ. ತಂಡದಲ್ಲಿ ಹೆಸರು ಬರದಿದ್ದರೂ ಅಭ್ಯಾಸಕ್ಕೆ ಹೋಗಿ. ಹೋಬಳಿ, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋದವರು ಅವತ್ತಿನ ಪಾಠ ಅವತ್ತೇ ಬರೆದುಕೊಂಡುಬಿಡಿ.

ವೇದಿಕೆಗೆ ಹೆದರಿಕೆ ಇದ್ದರೆ ಬೆಳಗಿನ ಪ್ರಾರ್ಥನೆಯಿಂದ ಶುರು ಮಾಡಿ. ಪೇಪರಿನ ಐದು ಮುಖ್ಯ ಸುದ್ದಿ ಓದುವುದು, ಸಂವಿಧಾನದ ಪೀಠಿಕೆ ಹೇಳಿಸುವುದು. ಮೊದಲ ಸಲ ಕಾಲು ನಡುಗುತ್ತದೆ, ನಾಲ್ಕನೇ ಸಲಕ್ಕೆ ದನಿ ಬರುತ್ತದೆ. ಆಮೇಲೆ ಪ್ರತಿಭಾ ಕಾರಂಜಿ ಇದೆ, ಭಾಷಣ, ಕಂಠಪಾಠ, ಮಿಮಿಕ್ರಿ, ಜಾನಪದ ನೃತ್ಯ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಮುಖ್ಯಮಂತ್ರಿಯೇ ಆಗಬೇಕು ಅಂತಿಲ್ಲ. ಗ್ರಂಥಾಲಯದ ಮಂತ್ರಿಯಾಗಿ ನೋಡಿ, ಬೀರುವಿನ ಕೀಲಿ ನಿಮ್ಮ ಕೈಗೆ ಬರುತ್ತದೆ.

ವಿಜ್ಞಾನದಲ್ಲಿ ಆಸಕ್ತಿ ಇದ್ದವರು ಇನ್‌ಸ್ಪೈರ್ ಮಾನಕ್ ಬಗ್ಗೆ ಮೇಷ್ಟ್ರನ್ನು ಕೇಳಿ, ಅದು ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ ಯೋಜನೆ. ಒಂದು ಶಾಲೆ ಐದು ಐಡಿಯಾ ಕಳಿಸಬಹುದು, ಆಯ್ಕೆಯಾದ ಹುಡುಗನ ಖಾತೆಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಐಡಿಯಾ ಯೂಟ್ಯೂಬ್‌ನಲ್ಲಿ ಹುಡುಕಬೇಡಿ, ಮನೆಯಲ್ಲಿ ಹುಡುಕಿ. ರೇಷ್ಮೆ ಹುಳು ಮನೆಯ ಬಿಸಿ 23ರಿಂದ 28 ಡಿಗ್ರಿ ನಡುವೆ ಇರಬೇಕು. ಅದು ಮೀರಿದರೆ ಗಂಟೆ ಹೊಡೆಯುವ ಒಂದು ಸಣ್ಣ ಉಪಕರಣ ಮಾಡಿದರೆ ಮೊದಲು ಉಪಯೋಗ ಆಗುವುದು ನಿಮ್ಮ ಅಮ್ಮನಿಗೇ.

ಎಂಟನೇ ತರಗತಿಯವರು ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬಿಡಲೇಬೇಡಿ. ಸರ್ಕಾರಿ, ಅನುದಾನಿತ ಶಾಲೆಯವರಿಗೆ, ಮನೆಯ ವರಮಾನ ಮೂರೂವರೆ ಲಕ್ಷದೊಳಗೆ ಇದ್ದರೆ ಅವಕಾಶ. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ತಲಾ 90 ಅಂಕದ ಎರಡು ಪತ್ರಿಕೆ. ಒಂದು ಬುದ್ಧಿಶಕ್ತಿ ಪರೀಕ್ಷೆ, ಇನ್ನೊಂದು ಏಳು ಎಂಟನೇ ತರಗತಿಯ ಪಾಠಗಳೇ. ಹಳೆಯ ಪತ್ರಿಕೆ ವಾರಕ್ಕೊಂದು ಬಿಡಿಸಿದರೆ ಭಯ ಹೋಗುತ್ತದೆ.

ಹೆಜ್ಜೆ 8: ಹುಡುಗರ ನಡುವೆ ಹುಡುಗನಾಗಿ ಇರುವುದು

ಬಾಲಕರ ಶಾಲೆಯಲ್ಲಿ ಗೆಳೆತನ ಗಟ್ಟಿ, ಆದರೆ ಗುಂಪಿನ ಒತ್ತಡವೂ ಗಟ್ಟಿ. ಒಬ್ಬ ಗುಟ್ಕಾ ಹಾಕಿದರೆ ಹತ್ತು ಜನರಿಗೆ ಕೊಡುತ್ತಾನೆ. ಬೇಡ ಅಂದವನಿಗೆ ಗಂಡಸಲ್ಲವಾ ಅಂತ ಕೇಳುತ್ತಾರೆ. ಒಂದೇ ಮಾತಲ್ಲಿ ಬೇಡ ಅನ್ನಿ, ಕಾರಣ ಕೊಡಲು ಹೋಗಬೇಡಿ. ಕಾರಣ ಕೊಟ್ಟರೆ ವಾದ ಬೆಳೆಯುತ್ತದೆ.

ಯಾರನ್ನಾದರೂ ಜಾತಿ ಹಿಡಿದು, ಬಣ್ಣ ಹಿಡಿದು, ತೊದಲು ಹಿಡಿದು ದಿನಾ ಗೋಳು ಹೊಯ್ದುಕೊಳ್ಳುತ್ತಿದ್ದರೆ ನೀವು ಅವನ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಅಷ್ಟರಿಂದಲೇ ಅರ್ಧ ನಿಲ್ಲುತ್ತದೆ. ನಿಲ್ಲದಿದ್ದರೆ ಮೇಷ್ಟ್ರಿಗೆ ಹೇಳಿ, ಅದು ಚಾಡಿ ಅಲ್ಲ. ನಿಮಗೇ ಹಾಗಾಗುತ್ತಿದ್ದರೆ, ಶಾಲೆಯಲ್ಲೋ ಹಾಸ್ಟೆಲ್‌ನಲ್ಲೋ ಯಾರಾದರೂ ಹೊಡೆಯುತ್ತಿದ್ದರೆ, ಮೈ ಮುಟ್ಟುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮನಸ್ಸಿಗೆ ತುಂಬಾ ಭಾರ ಅನ್ನಿಸಿದರೆ, ರಾತ್ರಿ ನಿದ್ದೆ ಬರದಿದ್ದರೆ 14416, ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡೂ ಉಚಿತ. ಹುಡುಗರು ಅಳಬಾರದು ಅಂತ ನಿಮಗೆ ಯಾರೋ ಹೇಳಿರುತ್ತಾರೆ, ಅದನ್ನು ನಂಬಬೇಡಿ.

ಹೆಜ್ಜೆ 9: ಪರೀಕ್ಷೆ

ಡಿಸೆಂಬರ್ ಕೊನೆಯ ಹೊತ್ತಿಗೆ ಪರೀಕ್ಷಾ ಮಂಡಳಿಯ ಮಾದರಿ ಪತ್ರಿಕೆ, ಹಳೆಯ ಪತ್ರಿಕೆಗಳನ್ನು ಮಂಡಳಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಗಡಿಯಾರ ಇಟ್ಟುಕೊಂಡು, ಒಂದೇ ಸಲ ಕೂತು ಪೂರ್ತಿ ಬರೆಯಿರಿ. ಆಮೇಲೆ ಪತ್ರಿಕೆಯನ್ನು ಗೆಳೆಯನಿಗೆ ಕೊಟ್ಟು ತಿದ್ದಿಸಿ, ನೀವು ಅವನದನ್ನು ತಿದ್ದಿ. ತಿದ್ದುವಾಗ ಎಲ್ಲಿ ಅಂಕ ಹೋಗುತ್ತದೆ ಅಂತ ಚೆನ್ನಾಗಿ ಕಾಣುತ್ತದೆ.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ಕಿಟಕಿ ನೋಡಬೇಡಿ, ಚೆನ್ನಾಗಿ ಬರುವ ಪ್ರಶ್ನೆಗಳು ಯಾವುವು ಅಂತ ಮನಸ್ಸಿನಲ್ಲೇ ಗುರುತಿಸಿಕೊಳ್ಳಿ. ಬರೆದು ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ಹೋಲಿಸಬೇಡಿ, ನೇರ ಮನೆಗೆ ಹೋಗಿ ಊಟ ಮಾಡಿ ಮಲಗಿ, ಎದ್ದು ಮುಂದಿನ ವಿಷಯ ತೆಗೆಯಿರಿ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪರೀಕ್ಷೆ-1ರಲ್ಲಿ ಒಂದು ವಿಷಯ ಹೋಯಿತು, ಅಥವಾ ಅಂಕ ಕಡಿಮೆ ಬಂತು ಅಂದರೆ ಮುಂದಿನ ಪರೀಕ್ಷೆ ಇದೆ, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಫಲಿತಾಂಶ ಬಂದ ದಿನ ಮನೆಯಲ್ಲಿ ಮುಖ ಮುಚ್ಚಿಕೊಂಡು ಮಲಗುವ ಬದಲು ಮಾರನೇ ದಿನವೇ ಶಾಲೆಗೆ ಬನ್ನಿ. ಅನುಮಾನ ಇದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಆ ವಿಷಯದ ಮೇಷ್ಟ್ರ ಜೊತೆ ಕೂತು ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಬೇಕಾ ಅಂತ ತೀರ್ಮಾನ ಮಾಡಿ. ಮುಂದಿನ ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಬೇಗ ಬಂದುಬಿಡುತ್ತದೆ, ಮುಖ್ಯಶಿಕ್ಷಕರ ಹತ್ತಿರ ತಾರೀಖು ಬರೆಸಿಕೊಂಡೇ ಮನೆಗೆ ಹೋಗಿ.